ಪೆಟ್ಟಿಗೆಗೆ ಸ್ವಂತ ದನಿ ಸಲ್ಲದು

ಮೈಸೂರಿನಲ್ಲಿ ವೀಣೆ ಮಾಡುವ ಕುಶಲಕರ್ಮಿಯು ಹಲಸಿನ ಮರದ ಕೊಡವನ್ನು ಒಳಗಿನಿಂದ ಕೊರೆದು ಕೊರೆದು ಅದರ ಗೋಡೆಯನ್ನು ತೆಳುಗೊಳಿಸುವುದು, ಮೀಟಿದ ತಂತಿಯೊಡನೆ ಮರವೂ ತನ್ನ ದನಿಯನ್ನು ಕೂಡಿಸಿ ನುಡಿಯಲಿ ಎಂಬ ಉದ್ದೇಶದಿಂದ. ಆ ಮರದ ನುಡಿಯೇ ವೀಣೆಯ ವ್ಯಕ್ತಿತ್ವ. ಮನೆಯಲ್ಲಿ ಕುಳಿತು ಒಂದು ಜೊತೆ ಉತ್ತಮ ಧ್ವನಿವರ್ಧಕಗಳನ್ನು ಕೈಯಾರೆ ಕಟ್ಟಬೇಕೆಂದು ಹೊರಟವನ ಕರ್ತವ್ಯವಾದರೋ ಇದಕ್ಕೆ ಸಂಪೂರ್ಣ ವ್ಯತಿರಿಕ್ತವಾದುದು: ಅವನು ಮರದ ಬಾಯನ್ನು ಕಟ್ಟಬೇಕು. ವೀಣೆಯು ಸಂಗೀತವನ್ನು ಹುಟ್ಟಿಸತಕ್ಕದ್ದು. ಧ್ವನಿವರ್ಧಕವು ಅನ್ಯತ್ರ ಹುಟ್ಟಿದ ಸಂಗೀತವನ್ನು, ತಾನು ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ, ಕೇಳುವವನಿಗೆ ಒಪ್ಪಿಸತಕ್ಕದ್ದು. ಈ ಭೇದವು ಹೇಳುವಾಗ ಅತಿ ಸುಲಭವಾಗಿ ಕಂಡರೂ, ನಮ್ಮ ಹವ್ಯಾಸಿಗಳಲ್ಲಿ ಅನೇಕರು ತೇಗದ ಹಲಗೆಯ ಮಾಧುರ್ಯವನ್ನೂ ಹಲಸಿನ ನಾದಗುಣವನ್ನೂ ಕೊಂಡಾಡುತ್ತ ಪೆಟ್ಟಿಗೆಯ ಕೆಲಸಕ್ಕೆ ತೊಡಗುವುದನ್ನು ನೋಡಿದರೆ, ಅದು ಇನ್ನೂ ಮನಸ್ಸಿಗೆ ನಾಟಿಲ್ಲವೆಂದೇ ಹೇಳಬೇಕಾಗುತ್ತದೆ. ಮನೆಯಲ್ಲಿ ಕಟ್ಟಿದ ಧ್ವನಿವರ್ಧಕವು ಅಂಗಡಿಯದಕ್ಕೆ ಸರಿಸಮನಾಗಬಲ್ಲದು, ಎಷ್ಟೋ ವೇಳೆ ಅದನ್ನು ಮೀರಲೂಬಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಹಾಗೆ ಮೀರುವುದು ಮರದ ಗುಣದಿಂದಲ್ಲ, ಬೆಲೆಬಾಳುವ ತಂತಿಯಿಂದಲೂ ಅಲ್ಲ. ಪೆಟ್ಟಿಗೆ ಮುಗಿದ ಮೇಲೆ ಮಾಡುವ ತಿದ್ದುಪಡಿಯಿಂದ. ನಮ್ಮಲ್ಲಿ ಬಹುಮಂದಿ ಕೈಬಿಡುವುದು ಆ ತಿದ್ದುಪಡಿಯನ್ನೇ.

ನಾವು ಇಂದು ಬಳಸುವ ಧ್ವನಿವರ್ಧಕದ ಮೂಲರೂಪಕ್ಕೆ ನೂರು ವರ್ಷ ತುಂಬಿದೆ. ಕಾಗದದ ಶಂಕು, ಅದರ ಕೊರಳಿಗೆ ಅಂಟಿಸಿದ ತಾಮ್ರದ ಸುರುಳಿ, ಸುರುಳಿಯನ್ನು ಸುತ್ತುವರಿದ ಅಯಸ್ಕಾಂತ, ಇಷ್ಟನ್ನು ಒಂದು ವ್ಯವಸ್ಥಿತ ಯಂತ್ರವಾಗಿ ವಿವರಿಸಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು ತಮ್ಮ ಪ್ರಬಂಧವನ್ನು ಪ್ರಕಟಿಸಿದುದು 1925ರಲ್ಲಿ. ಅಲ್ಲಿಂದೀಚೆಗೆ ಕಾಗದದ ಬದಲು ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಮೊದಲಾದವು ಬಂದಿರಬಹುದು, ತತ್ತ್ವ ಬದಲಾಗಿಲ್ಲ. ಶಂಕುವು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಟ್ಟು ಹಿಂದಿನ ಗಾಳಿ ವಿರಳವಾಗುವುದರಿಂದ, ಅದನ್ನು ಬರಿದಾಗಿ ಬಿಟ್ಟರೆ ಮುಂದಿನ ಅಲೆಯೂ ಹಿಂದಿನ ಅಲೆಯೂ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕಿ, ಮಂದ್ರಸ್ವರಗಳೆಲ್ಲ ಮಾಯವಾಗಿಬಿಡುತ್ತವೆ. ಪೆಟ್ಟಿಗೆ ಬೇಕಾದುದು ಇದಕ್ಕೆ. ಅದು ಮೂಲತಃ ಎರಡು ಅಲೆಗಳ ನಡುವಣ ಗೋಡೆಯೇ ಹೊರತು ಅಲಂಕಾರವೂ ಅಲ್ಲ, ವಾದ್ಯವೂ ಅಲ್ಲ.

ಈ ವಿದ್ಯೆಯಲ್ಲಿ ಮನೆಯ ಕೆಲಸ ಮತ್ತು ಕಾರ್ಖಾನೆಯ ಕೆಲಸಗಳ ನಡುವೆ ದಾಟಲಾಗದ ಕಂದಕವೇನೂ ಇಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಜವಳಿಯ ವ್ಯಾಪಾರದಲ್ಲಿದ್ದ ಗಿಲ್ಬರ್ಟ್ ಬ್ರಿಗ್ಸ್ ಎಂಬಾತ ತನ್ನ ಮೊದಲ ಧ್ವನಿವರ್ಧಕವನ್ನು ಕಟ್ಟಿದುದು ಮನೆಯ ನೆಲಮಾಳಿಗೆಯಲ್ಲಿ. 1932ರಲ್ಲಿ ಅವನು ಸ್ಥಾಪಿಸಿದ ವಾರ್ಫ್‌ಡೇಲ್ ಎಂಬ ಕಂಪನಿ ಅನಂತರ ಲೋಕಪ್ರಸಿದ್ಧವಾಯಿತು. 1948ರಲ್ಲಿ ಆತ ಧ್ವನಿವರ್ಧಕಗಳನ್ನು ಕುರಿತು ಸಾಮಾನ್ಯ ಓದುಗರಿಗೆ ತಿಳಿಯುವ ಹಾಗೆ ಒಂದು ಪುಸ್ತಕವನ್ನೇ ಬರೆದನು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಸಭಾಂಗಣದಲ್ಲಿ, ವೇದಿಕೆಯ ಮೇಲೆ ಕಲಾವಿದರನ್ನು ಕೂರಿಸಿ, ಅವರು ನುಡಿಸಿದುದನ್ನೂ ಅದರ ಧ್ವನಿಮುದ್ರಣವನ್ನೂ ಒಂದರ ಹಿಂದೊಂದರಂತೆ ಕೇಳಿಸಿ, ಹೋಲಿಸಿ ನೋಡಿರೆಂದು ಸಭಿಕರನ್ನೇ ಕರೆದನು. ಎಂತಹ ಧೈರ್ಯ! ಇದೇ ಬ್ರಿಗ್ಸನು ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣಮರಳನ್ನು ತುಂಬಿ ಮರದ ಕಂಪನವನ್ನು ಅಡಗಿಸುತ್ತಿದ್ದನು. ಬಿ.ಬಿ.ಸಿ.ಯ ಸಂಶೋಧಕರು ಹಿಡಿದ ದಾರಿ ಬೇರೆ. ದಪ್ಪ ಹಲಗೆಗೆ ಬದಲು ತೆಳುವಾದ ಬರ್ಚ್ ಪ್ಲೈವುಡ್ಡನ್ನು ಆರಿಸಿ, ಒಳಮೈಗೆ ಡಾಂಬರಿನಂತಹ ಜಿಗುಟು ಪದರವನ್ನು ಅಂಟಿಸಿ, ಉಳಿದ ಅಲ್ಪ ಕಂಪನವನ್ನು ಕಿವಿಗೆ ಕಡಿಮೆ ತೋರುವ ಆವೃತ್ತಿಗಳಿಗೆ ತಳ್ಳಿಬಿಟ್ಟರು. ಪ್ರಸಾರದ ವ್ಯಾನುಗಳಲ್ಲಿ ಇಡಲೆಂದು ಅವರು ರೂಪಿಸಿದ ಎಲ್.ಎಸ್. 3/5ಎ ಎಂಬ ಪುಟ್ಟ ಪೆಟ್ಟಿಗೆಗೆ ಇಂದಿಗೂ ಭಕ್ತರಿದ್ದಾರೆ. ಮಾರ್ಗ ಎರಡಾದರೂ ಗುರಿ ಒಂದೇ, ಮರದ ಮೌನ.

ಮನೆಯಲ್ಲಿ ಕಟ್ಟುವವನಿಗೆ ಸಂದ ಅತ್ಯಂತ ದೊಡ್ಡ ಉಪಕಾರವು ಆಸ್ಟ್ರೇಲಿಯದಿಂದ ಬಂದುದು. 1961ರಲ್ಲಿ ನೆವಿಲ್ ಥೀಲ್ ಎಂಬ ಇಂಜಿನಿಯರ್, 1970ರ ದಶಕದ ಆರಂಭದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್, ಇವರಿಬ್ಬರ ಪ್ರಬಂಧಗಳು ಬರುವ ಮುನ್ನ ಪೆಟ್ಟಿಗೆಯ ಅಳತೆಯೆಂಬುದು ಬಹುಮಟ್ಟಿಗೆ ಊಹೆಯ ಮತ್ತು ಗುರುಮುಖದ ವಿಷಯವಾಗಿತ್ತು. ಬಂದ ಮೇಲೆ ಅದು ಹೈಸ್ಕೂಲಿನ ಲೆಕ್ಕವಾಯಿತು. ಮಂದ್ರಸ್ವರಗಳನ್ನು ನುಡಿಸುವ ದೊಡ್ಡ ಶಂಕುವಾದ ವೂಫರಿನೊಡನೆ ಬರುವ ಹಾಳೆಯಲ್ಲಿ ಮುಖ್ಯವಾಗಿ ಮೂರು ಸಂಖ್ಯೆಗಳಿರುತ್ತವೆ: ಶಂಕುವಿನ ಸಹಜ ಅನುರಣನೆಯ ಆವೃತ್ತಿ, ಆ ಅನುರಣನೆ ಎಷ್ಟು ಬೇಗ ಅಡಗುತ್ತದೆಂಬ ಅಂಕ, ಶಂಕುವಿನ ತೂಗುಪಟ್ಟಿಯಷ್ಟೇ ಬಿಗುವುಳ್ಳ ಗಾಳಿಯ ಪರಿಮಾಣ. ಇವು ಕ್ರಮವಾಗಿ 40 ಹರ್ಟ್ಸ್, 0.38 ಮತ್ತು 30 ಲೀಟರ್ ಎಂದಿಟ್ಟುಕೊಳ್ಳೋಣ. ಗಾಳಿಯಾಡದಂತೆ ಮುಚ್ಚಿದ 12 ಲೀಟರಿನ ಪೆಟ್ಟಿಗೆಯಲ್ಲಿ ಈ ವೂಫರನ್ನು ಕೂರಿಸಿದರೆ, 30ನ್ನು 12ರಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದರೆ ಬರುವುದು 1.87, ಅದನ್ನು 0.38ರಿಂದ ಗುಣಿಸಿದರೆ 0.71, 40ರಿಂದ ಗುಣಿಸಿದರೆ 75 ಹರ್ಟ್ಸ್. ಮೊದಲನೆಯ ಅಂಕ 0.7ರ ಆಸುಪಾಸಿನಲ್ಲಿದ್ದರೆ ಮಂದ್ರಸ್ವರಗಳು ಎಲ್ಲಿಯೂ ಉಬ್ಬದೆ, 75 ಹರ್ಟ್ಸಿನ ಕೆಳಗೆ ನಯವಾಗಿ ಇಳಿಯುತ್ತವೆ. ಪೆಟ್ಟಿಗೆಯನ್ನು 6 ಲೀಟರಿಗೆ ಇಳಿಸಿದರೆ ಅದೇ ಅಂಕ 0.93ಕ್ಕೂ ಆವೃತ್ತಿ 98ಕ್ಕೂ ಏರಿ, ಇಳಿಯುವ ಮುನ್ನ ಒಂದು ಗೂನು ಕಾಣಿಸಿಕೊಳ್ಳುತ್ತದೆ. ಮರ ಕೊಯ್ಯುವ ಮೊದಲೇ ಕಾಗದದ ಮೇಲೆ ಇಷ್ಟು ತಿಳಿಯುವಾಗ, ಅಂಗಡಿಯವನು ಹೇಳಿದ ಅಳತೆಗೆ ಪೆಟ್ಟಿಗೆ ಹೊಡೆಸುವ ಅಗತ್ಯವಾದರೂ ಏನು? ಕೊಳವೆ ಇಟ್ಟ ಪೆಟ್ಟಿಗೆಗಳ ಲೆಕ್ಕ ಇನ್ನಷ್ಟು ಸ್ವಾರಸ್ಯವಾದುದಾದರೂ, ಹೊಸಬನಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸು. ಅದು ತಪ್ಪುಗಳನ್ನು ಹೆಚ್ಚು ಸಹಿಸುತ್ತದೆ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕೆಪಾಸಿಟರು, ತಾಮ್ರದ ತಂತಿ, ಟರ್ಮಿನಲ್ಲು ಮೊದಲಾದುವೆಲ್ಲ ದೊರೆಯುತ್ತವೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡನ್ನು ಮರದ ಡಿಪೋದಲ್ಲೇ ಅಳತೆಗೆ ಕೊಯ್ಯಿಸಿಕೊಳ್ಳಬಹುದು. ಅಂಟು, ಕ್ಲಾಂಪು, ಉಪ್ಪುಕಾಗದ, ಸ್ವಲ್ಪ ತಾಳ್ಮೆ, ಇಷ್ಟೇ. ಎದುರುಬದುರು ಗೋಡೆಗಳ ನಡುವೆ ಒಂದೆರಡು ಅಡ್ಡಪಟ್ಟಿಗಳನ್ನು ಕೊಡಬೇಕು. ಪೆಟ್ಟಿಗೆ ಒಣಗಿದ ಮೇಲೆ ವೂಫರಿನ ಶಂಕುವನ್ನು ಬೆರಳುಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟರೆ, ಅದು ಒಡನೆಯೇ ಪುಟಿಯದೆ ನಿಧಾನವಾಗಿ ಸ್ವಸ್ಥಾನಕ್ಕೆ ಮರಳಬೇಕು. ಪುಟಿದರೆ ಎಲ್ಲೋ ಗಾಳಿ ಸೋರುತ್ತಿದೆಯೆಂದು ಅರ್ಥ. ವೂಫರಿನ ಕೆಂಪು ಗುರುತಿನ ಟರ್ಮಿನಲ್ಲಿಗೆ ಟಾರ್ಚಿನ ಸೆಲ್ಲಿನ ಧನಾಗ್ರವನ್ನು ಮುಟ್ಟಿಸಿದಾಗ ಶಂಕು ಮುಂದಕ್ಕೆ ನೆಗೆಯಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದರ ತಂತಿ ತಿರುಗುಮುರುಗಾದರೂ ಮಂದ್ರವೆಲ್ಲ ಸೋರಿಹೋಗಿ, ಗಾಯಕ ಎಲ್ಲಿ ಕುಳಿತಿದ್ದಾನೆಂಬುದೇ ತಿಳಿಯದಂತಾಗುತ್ತದೆ. ನಮ್ಮ ಕರಾವಳಿಯ, ಮಲೆನಾಡಿನ ತೇವದಲ್ಲಿ ಎಂ.ಡಿ.ಎಫ್. ಹಲಗೆ ಊದಿಕೊಳ್ಳುವುದರಿಂದಲೂ, ಶಂಕುವಿನ ಅಂಚಿಗೆ ಫೋಮ್ ಇದ್ದರೆ ಅದು ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುವುದರಿಂದಲೂ, ಪ್ಲೈವುಡ್ಡನ್ನೂ ರಬ್ಬರಿನ ಅಂಚನ್ನೂ ಆರಿಸುವುದು ವಿವೇಕ.

ಇಲ್ಲಿಗೆ ಮುಗಿಯಿತೆಂದು ತಿಳಿದು ಪಾಲಿಷು ಹಚ್ಚಿ ಹಾರ ಹಾಕುವವರೇ ಹೆಚ್ಚು. ವಾಸ್ತವವಾಗಿ ಕೆಲಸ ಆರಂಭವಾಗುವುದೇ ಇಲ್ಲಿಂದ.

ಶಂಕುವು ತಗ್ಗಿನ ಸ್ವರಗಳಲ್ಲಿ ಇಡಿಯಾಗಿ ಹಿಂದುಮುಂದಕ್ಕೆ ಚಲಿಸುತ್ತದೆ. ಆವೃತ್ತಿ ಏರಿದಂತೆಲ್ಲ ಆ ಏಕತೆ ಒಡೆದು, ಭಾಗಭಾಗವಾಗಿ ಚರ್ಮವಾದ್ಯದ ಮುಖದಂತೆ ಕಂಪಿಸತೊಡಗುತ್ತದೆ. ಮೃದಂಗದ ಬಲಮುಖದ ಕಪ್ಪು ಕರಣೆಯ ಭಾರವು ಇಂತಹ ಬಿಡಿ ಕಂಪನಗಳನ್ನು ಹೇಗೆ ಪರಸ್ಪರ ಶ್ರುತಿಬದ್ಧವಾದ ಉಪಸ್ವರಗಳನ್ನಾಗಿ ಹೊಂದಿಸುತ್ತದೆಂಬುದನ್ನು ಸಿ.ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರರೊಡನೆ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿ, 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಮತ್ತೂ ವಿಸ್ತಾರವಾಗಿ ಬರೆದರು. ವೂಫರಿಗೆ ಆ ಕರಣೆಯ ಭಾಗ್ಯವಿಲ್ಲ. ಅದರ ಬಿಡಿ ಕಂಪನಗಳಿಗೆ ಶ್ರುತಿಯೂ ಇಲ್ಲ, ಸಂಬಂಧವೂ ಇಲ್ಲ. ಆದುದರಿಂದ ಶಂಕು ಒಡೆದು ಕಂಪಿಸುವ ಮುನ್ನವೇ ಸ್ವರವನ್ನು ಅದರ ಕೈಯಿಂದ ಬಿಡಿಸಿ, ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಟ್ವೀಟರಿನ ಕೈಗೆ ಕೊಡಬೇಕು. ಈ ಹಸ್ತಾಂತರವನ್ನು ನಡೆಸುವ ಸುರುಳಿ ಕೆಪಾಸಿಟರುಗಳ ಕೂಟವೇ ಕ್ರಾಸ್‌ಓವರ್. ಪೇಟೆಯಲ್ಲಿ ಮೂರು ಸಾವಿರ ಹರ್ಟ್ಸ್, ಎಂಟು ಓಮ್ ಎಂದು ಅಚ್ಚೊತ್ತಿದ ಸಿದ್ಧ ಕ್ರಾಸ್‌ಓವರುಗಳು ಸಿಗುತ್ತವೆ. ಅವನ್ನು ಕೊಳ್ಳಬಾರದು. ಮೂರು ಸಾವಿರ ಹರ್ಟ್ಸಿನಲ್ಲಿ ನಿಮ್ಮ ವೂಫರು ಎಂಟು ಓಮ್ ಇರುವುದೇ ಇಲ್ಲ. ಆವೃತ್ತಿಯೊಡನೆ ಅದರ ಪ್ರತಿಬಾಧೆಯೂ ಏರುತ್ತಿರುತ್ತದೆ. ನಿಮ್ಮ ಟ್ವೀಟರು ಎಷ್ಟು ಜೋರು, ವೂಫರಿನ ಸುರುಳಿ ಹಲಗೆಯಿಂದ ಎಷ್ಟು ಹಿಂದೆ ಕುಳಿತಿದೆ, ಪೆಟ್ಟಿಗೆಯ ಮುಖ ಎಷ್ಟು ಅಗಲ, ಇದಾವುದನ್ನೂ ಅರಿಯದ ಆ ಸಿದ್ಧ ಕ್ರಾಸ್‌ಓವರು, ಕಾಣದ ಕಾಲಿಗೆ ಹೊಲಿದ ಚಪ್ಪಲಿ.

ಮುಖದ ಅಗಲವೆಂದೆನಷ್ಟೆ, ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗಳ ದನಿ ತೆಳುವಾಗಿ, ಕಿರುಚಿದಂತೆ ಕೇಳುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಸಣ್ಣ ಅಲೆಗಳು ಪೆಟ್ಟಿಗೆಯ ಮುಖವನ್ನು ಗೋಡೆಯಾಗಿ ಮಾಡಿಕೊಂಡು ಮುಂದಕ್ಕೆ ಮಾತ್ರ ಹೊರಡುತ್ತವೆ; ಮುಖಕ್ಕಿಂತ ಬಹಳ ಉದ್ದವಾದ ಅಲೆಗಳಿಗೆ ಆ ಮುಖ ಇದ್ದೂ ಇಲ್ಲದಂತೆ, ಅವು ಸುತ್ತ ಬಳಸಿ ಹಿಂದಕ್ಕೂ ಹರಡಿಹೋಗುತ್ತವೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸ ಸುಮಾರು 575 ಹರ್ಟ್ಸಿನ ಬಳಿ ಅರ್ಧದಷ್ಟಾಗಿ, ಅದರ ಕೆಳಗೆ ದನಿ ಕ್ರಮೇಣ 6 ಡೆಸಿಬೆಲ್‌ಗಳವರೆಗೆ ಕುಗ್ಗುತ್ತದೆ. ಪುರುಷಕಂಠದ ಮೈಯೆಲ್ಲ ಇರುವುದು ಅಲ್ಲಿಯೇ! ಕ್ರಾಸ್‌ಓವರಿನಲ್ಲಿ ವೂಫರಿನ ಮುಂದಿರುವ ಸುರುಳಿಯನ್ನು ದೊಡ್ಡದಾಗಿಸಿ ಮೇಲಿನ ಭಾಗವನ್ನು ತಗ್ಗಿಸಿದರೆ ಸಮತೋಲ ಮರಳುತ್ತದೆ. ಪೆಟ್ಟಿಗೆ ಗೋಡೆಗೆ ಹತ್ತಿರವಿದ್ದರೆ ಪೂರ್ತಿ ಆರು ಬೇಡ, ಮೂರು ನಾಲ್ಕು ಡೆಸಿಬೆಲ್ ಸಾಕು. ಟ್ವೀಟರಿನ ಮುಂದೆ ಇಡುವ ರೆಸಿಸ್ಟರಿನಲ್ಲಿ ಒಂದು ಓಮ್ ಹೆಚ್ಚುಕಡಮೆಯಾದರೂ ಗಾಯಕಿ ಒಂದು ಹೆಜ್ಜೆ ಮುಂದೆ ಬಂದಂತೆ, ಹಿಂದೆ ಸರಿದಂತೆ ಭಾಸವಾಗುತ್ತದೆ. ಒಂದು ಎಚ್ಚರಿಕೆ: ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿ ಒಂದೇ ಮುಖವಾಗಿ ಮಲಗಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹೊಕ್ಕು ಲೆಕ್ಕವೆಲ್ಲ ಕೆಡುತ್ತದೆ. ಒಂದನ್ನು ಮಲಗಿಸಿ, ಇನ್ನೊಂದನ್ನು ದೂರದಲ್ಲಿ ನಿಲ್ಲಿಸಬೇಕು.

ಹಸ್ತಾಂತರ ಸರಿಯಾಗಿ ನಡೆದಿದೆಯೆ ಎಂದು ಪರೀಕ್ಷಿಸಲು ಬಲು ಚೆಲುವಾದ ಉಪಾಯವೊಂದಿದೆ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ, ಸಹೋದ್ಯೋಗಿ ರಸ್ ರೈಲಿಯ ಹೆಸರನ್ನೂ ಹೊತ್ತ ಕ್ರಾಸ್‌ಓವರ್ ಪದ್ಧತಿಯಲ್ಲಿ, ವೂಫರೂ ಟ್ವೀಟರೂ ಸಂಧಿಸುವ ಆವೃತ್ತಿಯಲ್ಲಿ ಎರಡೂ ತಲಾ 6 ಡೆಸಿಬೆಲ್ ಇಳಿದು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಆದ್ದರಿಂದ ಮೊತ್ತ ಸಮತಟ್ಟಾಗಿರುತ್ತದೆ. ಈಗ ಬೇಕೆಂದೇ ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಅಳೆದರೆ, ಸಂಧಿಯ ಜಾಗದಲ್ಲಿ ಪ್ರಪಾತದಂತಹ ಕೊರಕಲು ಕಾಣಿಸಬೇಕು. ಕೊರಕಲು ಎಷ್ಟು ಆಳವೋ, ಸರಿಯಾದ ಜೋಡಣೆಯಲ್ಲಿ ಅವುಗಳ ಸಾಮರಸ್ಯ ಅಷ್ಟು ಗಾಢ. ಕೆಡಿಸಿ ನೋಡಿ ಒಳ್ಳೆಯದನ್ನು ಖಚಿತಪಡಿಸಿಕೊಳ್ಳುವ ಈ ಪರೀಕ್ಷೆಗೆ ಒಂದು ಅಳತೆಯ ಮೈಕು, ಲ್ಯಾಪ್‌ಟಾಪು, ಉಚಿತವಾಗಿ ದೊರೆಯುವ ತಂತ್ರಾಂಶ ಇಷ್ಟಿದ್ದರೆ ಸಾಕು. ಹಿಂದೆ ದೊಡ್ಡ ಪ್ರಯೋಗಾಲಯಗಳಿಗೆ ಮಾತ್ರ ಎಟುಕುತ್ತಿದ್ದ ಕೆಲಸ ಇಂದು ಮನೆಯ ತಾರಸಿಯ ಮೇಲೆ ನಡೆಯುತ್ತದೆ. ಪೆಟ್ಟಿಗೆಯನ್ನೂ ಮೈಕನ್ನೂ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಒಂದಕ್ಕೊಂದು ಒಂದು ಮೀಟರ್ ಅಂತರದಲ್ಲಿ ಇಟ್ಟರೆ, ನೆಲಕ್ಕೆ ಬಡಿದು ಬರುವ ಪ್ರತಿಧ್ವನಿ ನೇರ ಧ್ವನಿಗಿಂತ ಸುಮಾರು 3.6 ಮಿಲಿಸೆಕೆಂಡ್ ತಡವಾಗಿ ಮೈಕನ್ನು ಸೇರುತ್ತದೆ; ಅಷ್ಟರೊಳಗೆ ಬಂದುದನ್ನು ಮಾತ್ರ ಎಣಿಸುವಂತೆ ತಂತ್ರಾಂಶಕ್ಕೆ ಹೇಳಿದರೆ, ಸುಮಾರು 280 ಹರ್ಟ್ಸಿನ ಮೇಲೆ ನೆಲದ ಕಲಬೆರಕೆಯಿಲ್ಲದ ಚಿತ್ರ ದೊರೆಯುತ್ತದೆ. ಅದರ ಕೆಳಗಿನದನ್ನು ಮೈಕನ್ನು ಶಂಕುವಿನ ಮೂಗಿಗೇ ಹಿಡಿದು ಅಳೆಯಬೇಕು.

ಕಿವಿಯೊಂದಿದ್ದರೆ ಸಾಲದೆ, ಈ ಯಂತ್ರಗಳೇಕೆ ಎಂದು ಕೇಳುವ ರಸಿಕರಿದ್ದಾರೆ. ಅವರೊಡನೆ ನನಗೆ ಅರ್ಧ ಸಹಮತ. ಕಿವಿಯೇ ಅಂತಿಮ ನ್ಯಾಯಾಧಿಪತಿ. ಆದರೆ ಆ ನ್ಯಾಯಾಧಿಪತಿಗೆ ಲಂಚ ಕೊಡುವುದು ಅತಿ ಸುಲಭ. ಎರಡು ಪೆಟ್ಟಿಗೆಗಳಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಅದೇ ಮೇಲೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ತಾನೇ ಕಟ್ಟಿದುದೆಂಬ ಅಭಿಮಾನವೂ, ಇಷ್ಟು ಹಣ ಸುರಿದೆನಲ್ಲಾ ಎಂಬ ಆತಂಕವೂ ಕಿವಿಯೊಳಗೆ ಕುಳಿತು ಮಾತನಾಡುತ್ತವೆ. ಕೆನಡದ ರಾಷ್ಟ್ರೀಯ ಸಂಶೋಧನ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಧ್ವನಿವರ್ಧಕಗಳನ್ನು ಪರದೆಯ ಹಿಂದೆ ಅಡಗಿಸಿ, ದನಿಯ ಮಟ್ಟವನ್ನು ಸಮಗೊಳಿಸಿ ಕೇಳಿಸಿದಾಗ, ಶ್ರೋತೃಗಳ ಅಭಿರುಚಿ ನಾವು ತಿಳಿದಷ್ಟು ಭಿನ್ನವಲ್ಲವೆಂದೂ, ಬಹುಮಂದಿ ಮೆಚ್ಚುವುದು ಏರುಪೇರಿಲ್ಲದ, ಪಕ್ಕಕ್ಕೂ ನಯವಾಗಿ ಹರಡುವ ದನಿಯನ್ನೇ ಎಂದೂ ಕಂಡುಬಂದಿತು. ಅಳತೆ ಮತ್ತು ಕಿವಿಗಳ ನಡುವೆ ಇದ್ದ ಹಳೆಯ ವ್ಯಾಜ್ಯ ಅಲ್ಲಿಗೆ ಬಹುಮಟ್ಟಿಗೆ ತೀರಿತೆಂದು ನಾನು ಭಾವಿಸುತ್ತೇನೆ.

ಇನ್ನು ಏನನ್ನು ಕೇಳಿ ತಿದ್ದಬೇಕು? ನಮ್ಮ ಪೇಟೆಯಲ್ಲಿ ಧ್ವನಿವರ್ಧಕವನ್ನು ಕುರಿತು ಕೇಳುವ ಮೊದಲ ಪ್ರಶ್ನೆ, ಬಹುಶಃ ಒಂದೇ ಪ್ರಶ್ನೆ, “ಬೇಸ್ ಹೇಗಿದೆ?” ಎಂಬುದು. ನೂರು ಹರ್ಟ್ಸಿನ ಸುತ್ತ ಒಂದು ಗೂನು ಇಟ್ಟು, ಎದೆಗೆ ಗುದ್ದಿದಂತೆ ಮಾಡಿ ಮಾರುವ ಈ ಅಭ್ಯಾಸವು ಆಟೋರಿಕ್ಷಾದಿಂದ ಕಲ್ಯಾಣಮಂಟಪದವರೆಗೂ ಹಬ್ಬಿದೆ. ಅದರ ಪರಿಣಾಮವಾಗಿ ಮೃದಂಗದ ಎಡಮುಖದ ಗುಂಕಾರವೂ ಪಿಟೀಲಿನ ಮಂದ್ರವೂ ಭಾಷಣಕಾರನ ಎದೆಯೂ ಎಲ್ಲ ಒಂದೇ ಸ್ವರದಲ್ಲಿ ಹೂಂಗುಟ್ಟುತ್ತವೆ. ಪೆಟ್ಟಿಗೆ ಹಾಡುವುದೆಂದರೆ ಇದೇ. ನನ್ನ ಸಲಹೆಯೇನೆಂದರೆ, ಮೊದಲು ಸಂಗೀತವನ್ನೇ ಹಾಕದೆ ಸ್ವಚ್ಛವಾಗಿ ಮುದ್ರಿಸಿದ ಕನ್ನಡದ ಮಾತನ್ನು ಕೇಳಬೇಕು, ಸಾಧ್ಯವಾದರೆ ಮನೆಯವರದೇ ದನಿಯನ್ನು. ಮನುಷ್ಯನ ಮಾತು ಹೇಗಿರಬೇಕೆಂಬುದು ನಮಗೆ ಹುಟ್ಟಿದಂದಿನಿಂದ ತಿಳಿದಿರುವುದರಿಂದ ಅಲ್ಲಿ ಮೋಸ ನಡೆಯದು. ದನಿ ಕೊಡದೊಳಗಿಂದ ಬಂದಂತಿದ್ದರೆ ಪೆಟ್ಟಿಗೆಯ ಗೋಡೆಯನ್ನೂ ಒಳಗಿನ ಉಣ್ಣೆಯ ತುಂಬುವಿಕೆಯನ್ನೂ ನೋಡಬೇಕು. ಸಕಾರಗಳು ಸೀಟಿಯಂತೆ ಚುಚ್ಚಿದರೆ ಟ್ವೀಟರನ್ನು ತಗ್ಗಿಸಬೇಕು. ಅನಂತರ ತಂಬೂರಿ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನೆಳೆಯಿಂದ ಎದ್ದು ಬರುವ ಉಪಸ್ವರಗಳ ಆ ಧಾರೆ, ಕೆಳಗಿನ ನೂರಾರು ಹರ್ಟ್ಸಿನಿಂದ ಹೊರಟು ಮೇಲಿನ ಸಾವಿರಾರು ಹರ್ಟ್ಸಿನವರೆಗೆ ಏರುವಾಗ, ವೂಫರು ಟ್ವೀಟರುಗಳ ಸಂಧಿಯನ್ನು ದಾಟಿಯೇ ಹೋಗಬೇಕಷ್ಟೆ; ಸಂಧಿಯಲ್ಲಿ ಬಿರುಕಿದ್ದರೆ ತಂಬೂರಿಯ ಮೈ ಒಂದೆಡೆ, ಝೇಂಕಾರ ಇನ್ನೊಂದೆಡೆ ನಿಂತು, ಇಬ್ಬರು ನುಡಿಸುತ್ತಿರುವಂತೆ ಕೇಳುತ್ತದೆ.

ಇಷ್ಟಾದ ಮೇಲೂ ದನಿ ಸರಿಯಿಲ್ಲವೆಂದರೆ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಕೋಣೆಯನ್ನು ಶಂಕಿಸಬೇಕು. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಸಿನಲ್ಲಿ ತಾನೇ ಒಂದು ಕೊಳವೆಯಂತೆ ಅನುರಣಿಸುತ್ತದೆ. ಸಿಮೆಂಟಿನ ಗೋಡೆ, ಟೈಲ್ಸಿನ ನೆಲ, ಬರಿದಾದ ಕಿಟಕಿ ಇವುಗಳಿಂದ ಕೂಡಿದ ನಮ್ಮ ಹೊಸ ಮನೆಗಳಲ್ಲಿ ಚಪ್ಪಾಳೆ ತಟ್ಟಿದರೆ ದನಿ ಗೋಡೆಯಿಂದ ಗೋಡೆಗೆ ಹಾರಾಡುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಬೀರು, ಮೂಲೆಯಿಂದ ಎರಡಡಿ ಈಚೆಗೆ ಸರಿಸಿದ ಪೆಟ್ಟಿಗೆ, ಹಿಂಗೋಡೆಯಿಂದ ಮುಂದಕ್ಕೆಳೆದ ಕುರ್ಚಿ. ಇವು ಮಾಡುವ ಉಪಕಾರವನ್ನು ಸಾವಿರಾರು ರೂಪಾಯಿಯ ಕೆಪಾಸಿಟರು ಮಾಡಲಾರದು.

ಹಣ ಉಳಿಸುವುದಕ್ಕಾಗಿ ಈ ಕೆಲಸಕ್ಕೆ ಇಳಿಯಬಾರದು. ಉಪಕರಣಗಳ ಬೆಲೆಯನ್ನೂ ಕಳೆದ ಭಾನುವಾರಗಳನ್ನೂ ಪ್ರಾಮಾಣಿಕವಾಗಿ ಕೂಡಿಸಿದರೆ ಉಳಿತಾಯವೇನೂ ಕಾಣದು. ಆದರೆ ಮರಗೆಲಸ, ಬೆಸುಗೆ, ವಿದ್ಯುತ್ತು, ಗಣಿತ, ಸಂಗೀತ ಇಷ್ಟೂ ಒಂದೇ ಮೇಜಿನ ಮೇಲೆ ಕೂಡುವ ಕೆಲಸ ಬೇರೆ ಯಾವುದಿದೆ? 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯೆಂಬ ಪ್ರಸಾರ ಕೇಂದ್ರವನ್ನು ಆರಂಭಿಸಿದ ನಾಡಿನಲ್ಲಿ, ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳು ಅಂಗಡಿಯಿಂದ ಸಿದ್ಧವಾಗಿ ಬಂದು, ಬೈಂಡಿಂಗು ಹಾಕಿಸಿಕೊಂಡು, ಕಪಾಟಿನಲ್ಲಿ ಧೂಳು ತಿನ್ನುವುದನ್ನು ಕಂಡರೆ ವಿಷಾದವೆನಿಸುತ್ತದೆ. ಅವುಗಳಿಗೆ ಬದಲಾಗಿ ನಾಲ್ವರು ವಿದ್ಯಾರ್ಥಿಗಳು ಸೇರಿ ಒಂದು ಜೊತೆ ಧ್ವನಿವರ್ಧಕಗಳನ್ನು ಕಟ್ಟಲಿ. ತಿದ್ದುವ ಮೊದಲಿನ ಅಳತೆಯ ನಕ್ಷೆಯನ್ನೂ ಅನಂತರದ್ದನ್ನೂ ಜೊತೆಗಿಟ್ಟು ಒಪ್ಪಿಸಲಿ. ಪರೀಕ್ಷಕರು ತಮಗೆ ಚೆನ್ನಾಗಿ ಪರಿಚಯವಿರುವ ಒಂದು ಧ್ವನಿಮುದ್ರಣವನ್ನು ತಾವೇ ತರತಕ್ಕದ್ದು. ಪೆಟ್ಟಿಗೆಗಳನ್ನು ಪರದೆಯ ಹಿಂದೆ ಇಡತಕ್ಕದ್ದು. ಅಂಗಡಿಯಿಂದ ತಂದ ಜೊತೆಯೊಂದನ್ನೂ ಗುಟ್ಟಾಗಿ ಅಲ್ಲಿಯೇ ಸೇರಿಸಿರತಕ್ಕದ್ದು. ಅಂಕವನ್ನು ಬರೆದು ಸಹಿ ಹಾಕಿದ ಮೇಲೆಯೇ ಪರದೆಯನ್ನು ಸರಿಸತಕ್ಕದ್ದು.